41 ಇಂಚು, ಎರಡು ಮಂಡಿ, ಒಂದು ಸ್ಟ್ಯಾಂಪಿಂಗ್

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಕಳೆದ ವಾರ ಫೋನ್ ಮಾಡಿ, "ಅಕ್ಕಾ, ಈ ಸಲ ಮಕ್ಕಳ ರಜೆಗೆ ಹಡಗಾ, ಡಿಸ್ನಿನಾ? ನೀವು ಎರಡೂ ಮಾಡಿ ಮುಗಿಸಿದ್ದೀರಿ, ಒಂದೇ ಮಾತಲ್ಲಿ ಹೇಳಿಬಿಡು" ಎಂದಳು. ಪ್ರವಾಸಿ ಹಡಗಿನಲ್ಲಿ ಕೆಲವು ರಾತ್ರಿಯೋ, ಡಿಸ್ನಿಯ ಥೀಮ್ ಪಾರ್ಕಿನಲ್ಲಿ ಕೆಲವು ದಿನವೋ ಎಂಬುದು ಅವಳ ಪ್ರಶ್ನೆ. ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ದೊಡ್ಡವಳ ಎತ್ತರ ಎಷ್ಟಾಯಿತು, ಚಿಕ್ಕವನಿಗೆ ಮೂರು ತುಂಬುವುದು ಯಾವಾಗ, ನಿಮ್ಮ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಎಲ್ಲಿಯವರೆಗಿದೆ, ಆ ಹೊತ್ತಿಗೆ ಊರಿನಿಂದ ಯಾರು ಬಂದಿರುತ್ತಾರೆ ಎಂದು ನಾನೇ ಅವಳನ್ನು ಕೇಳುತ್ತ ಹೋದೆ. ಅರ್ಧ ಗಂಟೆ ಮಾತಾಡಿ ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದು ಇನ್ನೂ ಹಾಗೇ ಉಳಿದಿದೆ ಅನ್ನಿಸಿ ಇದನ್ನು ಬರೆಯಲು ಕುಳಿತೆ.

ಅಮೆರಿಕದ ಪೂರ್ವ ತೀರದ ನಮ್ಮಂಥ ಸಂಸಾರಗಳಿಗೆ ಈ ಪ್ರಶ್ನೆ ಹುಟ್ಟುವುದೇ ಫ್ಲಾರಿಡಾದಲ್ಲಿ. ಒರ್ಲ್ಯಾಂಡೊದ ಥೀಮ್ ಪಾರ್ಕುಗಳಿಗೂ ಪೋರ್ಟ್ ಕೆನವೆರಲ್ ಎಂಬ ಹಡಗುಗಳ ಬಂದರಿಗೂ ನಡುವೆ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ನಾವಿರುವ ಷಾರ್ಲೆಟ್‌ನಿಂದ ಸವಾನಾ, ಜಾಕ್ಸನ್‌ವಿಲ್ ದಾಟಿ ಐ-95 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದರೆ ಡೇಟೋನಾ ಬೀಚ್ ಬಳಿ ರಸ್ತೆ ಕವಲೊಡೆಯುತ್ತದೆ. ಬಲಕ್ಕೆ ಐ-4 ಹಿಡಿದವರು ಪಾರ್ಕಿಗೆ, ನೇರ ಹೋದವರು ಬಂದರಿಗೆ. ಆ ಕವಲಿನಲ್ಲಿ ನಾವು ಒಂದು ವರ್ಷ ಬಲಕ್ಕೆ ತಿರುಗಿದೆವು, ಮುಂದಿನ ವರ್ಷ ನೇರ ಹೋದೆವು. ಎರಡೂ ಸಲ ಕಾರಿನಲ್ಲಿ ಇದ್ದವರು ಐದು ಜನ: ನಾವಿಬ್ಬರು, ಮಗ, ಮಗಳು, ಮತ್ತು ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ.

ಮೊದಲ ವರ್ಷ ನಮಗೆ ಬೇಕಾಗಿದ್ದದ್ದು ಹಡಗೇ. ಅದು ಆಗದಿದ್ದದ್ದಕ್ಕೆ ಕಾರಣ 1886ರ ಒಂದು ಕಾನೂನು ಎಂದರೆ ಯಾರೂ ನಂಬುವುದಿಲ್ಲ. ಈ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಬಹುಪಾಲು ಬಹಾಮಾಸ್‌ನಂಥ ದೇಶಗಳಲ್ಲಿ ನೋಂದಣಿಯಾದವು. ವಿದೇಶಿ ಹಡಗುಗಳು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸಕೂಡದೆಂದು, ಇಲ್ಲಿನ ಹಡಗು ಉದ್ಯಮವನ್ನು ಕಾಪಾಡುವುದಕ್ಕಾಗಿ ಆ ವರ್ಷ ಮಾಡಿದ ಕಾನೂನು ಇಂದಿಗೂ ಜಾರಿಯಲ್ಲಿದೆ. ಹಾಗಾಗಿ ಫ್ಲಾರಿಡಾದಿಂದ ಹೊರಟು ಫ್ಲಾರಿಡಾಕ್ಕೇ ಮರಳುವ ನಾಲ್ಕು ರಾತ್ರಿಯ ಸಣ್ಣ ಪ್ರವಾಸವೂ ಬಹಾಮಾಸ್‌ನ ನಸ್ಸಾವ್‌ನಂಥ ಒಂದು ವಿದೇಶಿ ಬಂದರನ್ನು ಮುಟ್ಟಿಯೇ ಬರುತ್ತದೆ. ವಿದೇಶವನ್ನು ಮುಟ್ಟಿದ ಮೇಲೆ ಮರಳಿ ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ವೀಸಾ ಮುದ್ರೆ ಬೇಕು. ನಮ್ಮ ಬಳಿ ಇಲ್ಲಿ ಇರುವುದಕ್ಕೆ ಬೇಕಾದ ಎಚ್-1ಬಿ ಅನುಮತಿ ಪತ್ರ ಇತ್ತು, ಮುದ್ರೆಯ ಅವಧಿ ಮಾತ್ರ ಮುಗಿದುಹೋಗಿತ್ತು. ಇರುವುದಕ್ಕೆ ಒಂದು ಕಾಗದ, ಬರುವುದಕ್ಕೆ ಇನ್ನೊಂದು ಕಾಗದ ಎಂಬ ಈ ವ್ಯತ್ಯಾಸ ಇಲ್ಲಿನ ನಮ್ಮವರಿಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ. ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರುವವರಿಗೆ ಮುದ್ರೆಯ ಅವಧಿ ಮುಗಿದಿದ್ದರೂ ಒಂದು ವಿನಾಯಿತಿ ಇದೆ; ಬಹಾಮಾಸ್‌ನಂಥ ದ್ವೀಪಗಳಿಗೆ ಆ ವಿನಾಯಿತಿ ಓದಲು ಅಥವಾ ವಿನಿಮಯ ಕಾರ್ಯಕ್ರಮಕ್ಕೆಂದು ಬಂದ ಎಫ್ ಮತ್ತು ಜೆ ವೀಸಾದವರಿಗೆ ಇದೆಯೇ ಹೊರತು ಉದ್ಯೋಗದ ಎಚ್-1ಬಿ, ಅವರ ಕುಟುಂಬದವರ ಎಚ್-4 ಮೇಲಿರುವ ನಮಗಿಲ್ಲ.

ಇದನ್ನೆಲ್ಲ ಊಟದ ಮೇಜಿನಲ್ಲಿ ಲೆಕ್ಕ ಹಾಕುತ್ತ ಹೋದಾಗ ಹೊರಬಿದ್ದ ಫಲಿತಾಂಶ ವಿಚಿತ್ರವಾಗಿತ್ತು. ಇಲ್ಲೇ ಹುಟ್ಟಿದ ಮಕ್ಕಳು ಅಂಥ ಪ್ರವಾಸಕ್ಕೆ ಜನನ ಪ್ರಮಾಣಪತ್ರ ತೋರಿಸಿ ಹೋಗಿ ಬರಬಹುದು. ಹತ್ತು ವರ್ಷದ ಪ್ರವಾಸಿ ವೀಸಾ ಇರುವ ಅತ್ತೆ ಹೋಗಿ ಬರಬಹುದು. ತೆರಿಗೆ ಕಟ್ಟಿಕೊಂಡು ಇಲ್ಲೇ ಬಾಳುತ್ತಿರುವ ನಾವಿಬ್ಬರು ಮಾತ್ರ ಹೋದರೆ ಅಲ್ಲೇ. "ಹಾಗಾದ್ರೆ ನೀವಿಬ್ಬರೂ ಮನೇಲಿರಿ, ನಾನೇ ಮಕ್ಕಳನ್ನ ಕರ್ಕೊಂಡು ಹೋಗಿ ಬರ್ತೀನಿ" ಎಂದು ಅತ್ತೆ ಅಂದದ್ದು ತಮಾಷೆಗೇ ಇರಬೇಕು. ಆದರೆ ಅದಕ್ಕೆ ಮಗಳು ಚಪ್ಪಾಳೆ ತಟ್ಟಿದ್ದು ತಮಾಷೆಗಲ್ಲ. ಕೊನೆಗೆ ಪಾರ್ಕ್ ಎಂದು ತೀರ್ಮಾನವಾಯಿತು.

ಥೀಮ್ ಪಾರ್ಕ್ ಎಂದರೆ ಆಟವಾಡುವ ಜಾಗ ಎಂದು ತಿಳಿದು ಹೋದವಳು ನಾನು. ಅದು ಮೊದಲಿಗೆ ಒಂದು ಬುಕಿಂಗ್ ಕೆಲಸ. ಡಿಸ್ನಿ ವರ್ಲ್ಡ್‌ನಲ್ಲಿ 2024ರ ಜುಲೈನಿಂದ ಬಂದಿರುವ ಪದ್ಧತಿಯಂತೆ, ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಸಮಯವನ್ನು ಅವರದೇ ಹೋಟೆಲಿನಲ್ಲಿ ಉಳಿಯುವವರು 7 ದಿನ ಮುಂಚೆ, ಹೊರಗೆ ಉಳಿಯುವವರು 3 ದಿನ ಮುಂಚೆ, ಬೆಳಿಗ್ಗೆ 7 ಗಂಟೆಗೆ ದುಡ್ಡು ಕೊಟ್ಟು ಕಾದಿರಿಸಬಹುದು. ತತ್ಕಾಲ್ ಟಿಕೆಟಿಗಾಗಿ ಬೆರಳು ಚಾಚಿಕೊಂಡು ಕಾದು ಕುಳಿತು ಅಭ್ಯಾಸವಿರುವ ನಮ್ಮವರು ಇದರಲ್ಲಿ ಅಮೆರಿಕನ್ನರಿಗಿಂತ ಒಂದು ಕೈ ಮೇಲು ಎಂಬುದು ನನ್ನ ಗಂಡನ ಹೆಮ್ಮೆ. ಆದರೆ ಒಳಗೆ ಹೋದ ಮೇಲೂ ಆ ಫೋನ್ ಕೈಬಿಡುವುದಿಲ್ಲ. ಯಾವ ಆಟಕ್ಕೆ ಈಗ ಎಷ್ಟು ನಿಮಿಷದ ಕಾಯುವಿಕೆ, ಯಾವುದು ಕೆಟ್ಟು ನಿಂತಿದೆ, ಊಟಕ್ಕೆ ಎಲ್ಲಿ ಜಾಗವಿದೆ, ಎಲ್ಲವೂ ಅದರಲ್ಲೇ. ಮಧ್ಯಾಹ್ನ ಮೂರರ ಸುಮಾರಿಗೆ ಫ್ಲಾರಿಡಾದ ಬೇಸಿಗೆಯ ಗುಡುಗು ಮಳೆ ಬಂದು, ಸಿಡಿಲಿನ ಭಯಕ್ಕೆ ಬಯಲಿನ ಆಟಗಳನ್ನೆಲ್ಲ ನಿಲ್ಲಿಸಿದಾಗ, ವಾರಗಟ್ಟಲೆ ಹೆಣೆದ ನನ್ನ ಪಟ್ಟಿ ಒದ್ದೆ ಕಾಗದವಾಯಿತು.

ಅತ್ತೆಯ ಮಂಡಿಗಳನ್ನು ನಾನು ಆ ಪಟ್ಟಿಯಲ್ಲಿ ಸೇರಿಸಿರಲಿಲ್ಲ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಡಿಸ್ನಿ ವರ್ಲ್ಡ್‌ನ ಒಟ್ಟು ಜಾಗ ಸುಮಾರು 25 ಸಾವಿರ ಎಕರೆ ಎಂದು ಮಗ ಓದಿ ಹೇಳಿದಾಗ ಅವರು ಮನಸ್ಸಿನಲ್ಲೇ ಅಡಿಕೆ ತೋಟದ ಲೆಕ್ಕ ಹಾಕಿ, "ಇಷ್ಟಕ್ಕೆ ಕೊನೆಗಾರರು ಎಲ್ಲಿ ಸಿಗ್ತಾರೆ" ಎಂದಿದ್ದರು. ಮೊದಲ ದಿನ ಸಂಜೆಗೆ ನನ್ನ ಫೋನ್ ಹದಿನೆಂಟು ಸಾವಿರ ಹೆಜ್ಜೆ ತೋರಿಸುತ್ತಿತ್ತು. ಎರಡನೆಯ ದಿನದಿಂದ ಅವರು ಒಂದು ಮರದ ನೆರಳಿನ ಬೆಂಚು ಹಿಡಿದು, ನಮ್ಮೆಲ್ಲರ ಚೀಲಗಳನ್ನು ಕಾಯುತ್ತ ಕುಳಿತರು. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ ಎಂದರೂ ಒಪ್ಪಲಿಲ್ಲ. ಅದರಲ್ಲಿ ಕುಳಿತ ಫೋಟೊ ಊರಿಗೆ ಹೋದರೆ ಜನ ಏನೆಂದುಕೊಂಡಾರು ಎಂಬ ಅಳುಕು. ಆ ಬೆಂಚಿನಿಂದಲೇ ಅವರು ಎರಡು ಮೆರವಣಿಗೆ ನೋಡಿದರು, ಮತ್ತು ತಾವೇ ಬೆಳಿಗ್ಗೆ ಐದಕ್ಕೆ ಎದ್ದು ಹೋಟೆಲಿನ ಸಣ್ಣ ಒಲೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದ ಚಿತ್ರಾನ್ನವನ್ನು ಹನ್ನೆರಡೂವರೆಗೆ ನಮಗೆ ಬಡಿಸಿದರು. ಈ ಪಾರ್ಕುಗಳ ಒಳಗೆ ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಗಾಜು, ಮದ್ಯ ಇರಬಾರದು, ಅಷ್ಟೆ. ಐದು ಜನರ ಮಧ್ಯಾಹ್ನದ ಊಟದ ಖರ್ಚು ಉಳಿದದ್ದಷ್ಟೇ ಅಲ್ಲ, ಆ ಅರ್ಧ ಗಂಟೆ ಯಾರೂ ಫೋನ್ ನೋಡಲಿಲ್ಲ.

ಮಗಳಿಗೆ ಆಗ ನಾಲ್ಕೂವರೆ ವರ್ಷ, 41 ಇಂಚು. ಡಿಸ್ನಿಯಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಹತ್ತಲು 38 ಇಂಚು ಸಾಕು, ಸ್ಪೇಸ್ ಮೌಂಟನ್‌ಗೆ 44 ಬೇಕು. ಇಂಥ ಅಳತೆ ಎಲ್ಲ ಪಾರ್ಕುಗಳಲ್ಲೂ ಇದೆ. ಒಳಗಿನ ಕಬ್ಬಿಣದ ತಡೆಸರಳು ಮಗುವಿನ ಮೈಯನ್ನು ಹಿಡಿದು ನಿಲ್ಲಿಸುವುದಕ್ಕೆ ಆ ಎತ್ತರ ಬೇಕು ಎಂಬುದರಲ್ಲಿ ವಾದಕ್ಕೆ ಎಡೆಯಿಲ್ಲ. ಆ ಬೆಳಿಗ್ಗೆ ಅವಳು ಎಂದೂ ಇಲ್ಲದ ಹಟ ಹಿಡಿದು ಎರಡೂ ಜುಟ್ಟನ್ನು ನೆತ್ತಿಯ ಮೇಲೆ ಎತ್ತರಕ್ಕೆ ಕಟ್ಟಿಸಿಕೊಂಡಿದ್ದಳು. ಯಾಕೆಂದು ನನಗೆ ಗೊತ್ತಾದದ್ದು ಅಣ್ಣ ಹತ್ತಬೇಕೆಂದಿದ್ದ ಆಟದ ಬಾಗಿಲಲ್ಲಿ. ಅಲ್ಲಿದ್ದ ಹುಡುಗಿ ಅಳತೆಯ ಕೋಲನ್ನು ಪಕ್ಕದಲ್ಲಿ ನಿಲ್ಲಿಸಿ, ನಗುತ್ತಲೇ ಅಂಗೈಯಿಂದ ಆ ಜುಟ್ಟುಗಳನ್ನು ಮೆಲ್ಲಗೆ ಅದುಮಿದಳು. ಕೋಲಿನ ಗೆರೆಗೂ ನೆತ್ತಿಗೂ ನಡುವೆ ನನ್ನ ಮೂರು ಬೆರಳು ಹಿಡಿಯುವಷ್ಟು ಗಾಳಿ ಉಳಿಯಿತು. ಮಗಳು ಅಳಲಿಲ್ಲ, ನನ್ನ ಕೈ ಹಿಡಿದು ಹೊರಗೆ ಬಂದು, ಅಜ್ಜಿಯ ಬೆಂಚಿನ ಹತ್ತಿರ ಕುಳಿತು ಜುಟ್ಟಿನ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಳು. ಇಂಥ ಹೊತ್ತಿಗೆಂದೇ ಒಬ್ಬ ದೊಡ್ಡವರು ಆಡಿ ಬರುವವರೆಗೆ ಇನ್ನೊಬ್ಬರು ಚಿಕ್ಕ ಮಗುವಿನೊಂದಿಗೆ ಹೊರಗಿದ್ದು, ಆಮೇಲೆ ಸಾಲಿನಲ್ಲಿ ಮತ್ತೆ ನಿಲ್ಲದೆ ಅದಲುಬದಲಾಗುವ ರೈಡರ್ ಸ್ವಿಚ್ ಎಂಬ ಅನುಕೂಲವಿದೆ. ಆ ದಿನ ನನ್ನ ಸರದಿ ಬಂದಾಗ ನಾನು ಹತ್ತಲಿಲ್ಲ.

ಸಾಲಿನ ಬಗ್ಗೆ ಎಲ್ಲರೂ ದೂರುತ್ತಾರೆ, ನಾನೂ ದೂರಿದೆ. ಆದರೆ ಅದೇ ಸಾಲಿನಲ್ಲಿ ಎಪ್ಪತ್ತು ನಿಮಿಷ ಅಪ್ಪನ ಜೊತೆ ನಿಂತ ಮಗ ಸಂಜೆ ಬಂದು ನನಗೆ ಹೇಳಿದ್ದು ಆಟದ ಸುದ್ದಿಯಲ್ಲ. ಅಪ್ಪ ಚಿಕ್ಕವರಿದ್ದಾಗ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಕೈಯಿಂದ ತಿರುಗಿಸುವ ತೊಟ್ಟಿಲಿನಲ್ಲಿ ಕೂರುತ್ತಿದ್ದರಂತೆ, ಒಂದು ಸಲ ಮೇಲಿದ್ದಾಗ ಚಪ್ಪಲಿ ಬಿದ್ದುಹೋಯಿತಂತೆ, ಆ ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆಯಂತೆ. "ಮೂರು ವರ್ಷ ಕಾಯ್ತಿದ್ರಾ ಒಂದು ರೈಡಿಗೆ?" ಎಂದು ಅವನು ಕಣ್ಣರಳಿಸಿದ. ಹತ್ತು ವರ್ಷದ ಸಂಸಾರದಲ್ಲಿ ಆ ಚಪ್ಪಲಿಯ ಕಥೆ ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಮಗ ಎಪ್ಪತ್ತು ನಿಮಿಷ ಎಲ್ಲಿಗೂ ಹೋಗಲಾಗದೆ ಒಟ್ಟಿಗೆ ನಿಲ್ಲುವ ಸಂದರ್ಭ ಬರುವುದಿಲ್ಲ. ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬೇಕೆಂದು ಬೆಳಿಗ್ಗೆ ಏಳಕ್ಕೆ ಎದ್ದು ಒದ್ದಾಡಿದ್ದು ಇದರಿಂದಲೇ ಎಂದು ನೆನೆದರೆ ಈಗಲೂ ನಗು ಬರುತ್ತದೆ.

ಆ ಚಳಿಗಾಲದಲ್ಲಿ ನಾವು ಊರಿಗೆ ಹೋಗಿ ಚೆನ್ನೈನಲ್ಲಿ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ ಹಾಕಿಸುವ ಕೆಲಸ, ಮುಗಿಸಿಕೊಂಡು ಬಂದೆವು. ಮುಂದಿನ ಬೇಸಿಗೆಗೆ ಅತ್ತೆ ಮತ್ತೆ ಬಂದಾಗ ಹಡಗಿನ ಮಾತು ಮತ್ತೆ ಎದ್ದಿತು. ಸಮುದ್ರವೆಂದರೆ ಅವರು ಹೆದರಬಹುದು ಎಂದುಕೊಂಡಿದ್ದೆ. ಅವರ ತವರು ತುಮರಿಯ ಕಡೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಆ ಸೀಮೆಯನ್ನು ಸಾಗರದಿಂದ ಕತ್ತರಿಸಿ ಹಾಕಿದ ಮೇಲೆ, ಮದುವೆ, ಬಾಣಂತನ, ಆಸ್ಪತ್ರೆ, ಎಲ್ಲದಕ್ಕೂ ಹೊಳೆಬಾಗಿಲಿನ ಲಾಂಚಿನಲ್ಲೇ ದಾಟಿದವರು. "ಬಸ್ಸು, ಜೀಪು ಹೊತ್ಕೊಂಡು ಹೋಗೋ ಲಾಂಚೇ ಮುಳುಗ್ಲಿಲ್ಲ, ಇದೇನು ಮುಳುಗುತ್ತಾ" ಎಂದರು. ಪೋರ್ಟ್ ಕೆನವೆರಲ್‌ನಲ್ಲಿ ಹಡಗಿನ ಬುಡದಲ್ಲಿ ನಿಂತು, ಕತ್ತು ನೋಯುವಷ್ಟು ಮೇಲೆ ನೋಡಿದ ಮೇಲೆ ಮಾತ್ರ, "ಇದಕ್ಕೆ ಲಾಂಚ್ ಅನ್ನೋದು ತಪ್ಪಾಯ್ತು" ಎಂದು ಒಪ್ಪಿಕೊಂಡರು.

ಹತ್ತಿದ ಕೂಡಲೇ, ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕೆಂದು ತೋರಿಸುವ ಕವಾಯತು. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ದಿನ ಹತ್ತಿದವರಿಗೆ ಈ ಕವಾಯತು ಇನ್ನೂ ಆಗಿರಲಿಲ್ಲ. ಅದಾದ ಮೇಲೆ ನಿಯಮ ಬಿಗಿಯಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಮುಗಿಸಲೇಬೇಕೆಂದಾಯಿತು. ಮಕ್ಕಳ ಮಣಿಕಟ್ಟಿಗೆ ಅವರು ಸೇರಬೇಕಾದ ಜಾಗದ ಗುರುತಿರುವ ಪಟ್ಟಿ ಕಟ್ಟಿದರು. ಅದನ್ನು ನೋಡಿದಾಗ ನನಗೆ ಧೈರ್ಯವೂ ಬಂತು, ಹೊಟ್ಟೆಯಲ್ಲಿ ಸಣ್ಣ ತಳಮಳವೂ ಆಯಿತು. ಹೊಟ್ಟೆಯ ತಳಮಳಕ್ಕೆ ಇನ್ನೊಂದು ಕಾರಣವೂ ಇರಬಹುದು. ಅಲುಗಾಟ ಕಡಿಮೆಯಿರಲೆಂದು ಕೆಳಗಿನ ಡೆಕ್ಕಿನ ನಡುಮಧ್ಯದ ಕ್ಯಾಬಿನ್ ಹಿಡಿದಿದ್ದರೂ ಮೊದಲ ರಾತ್ರಿ ನಾನೊಬ್ಬಳೇ ಅತ್ತೆಯ ಶುಂಠಿ ಚೂರು ಬಾಯಲ್ಲಿಟ್ಟುಕೊಂಡು ಕಳೆದೆ.

ಹಡಗಿನಲ್ಲಿ ನಿರ್ಧಾರಗಳೇ ಇಲ್ಲ. ಊಟ ಎಲ್ಲಿ, ಯಾವಾಗ, ಎಷ್ಟು ಎಂಬ ಪ್ರಶ್ನೆ ಏಳುವುದಿಲ್ಲ. ಅತ್ತೆ ಲಿಫ್ಟಿನಲ್ಲಿ ಮೇಲೆ ಹೋಗಿ, ಬೆಳಿಗ್ಗೆ ಆರಕ್ಕೆ ಡೆಕ್ಕಿನ ಒಂದು ಕುರ್ಚಿಯಲ್ಲಿ ಸಮುದ್ರಕ್ಕೆ ಎದುರಾಗಿ ಕುಳಿತರೆ ಎಂಟೂವರೆಯವರೆಗೆ ಅಲ್ಲೇ. ಮಂಡಿಗೆ ಕೆಲಸವಿಲ್ಲ, ಕಾಯಲು ಚೀಲವಿಲ್ಲ. ಅವರ ಸ್ಟೀಲ್ ಡಬ್ಬಿಗೂ ಕೆಲಸವಿರಲಿಲ್ಲ: ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಒಯ್ಯಲು ಬಿಡುವುದಿಲ್ಲ, ಅಂಗಡಿಯ ಮುಚ್ಚಿದ ಪೊಟ್ಟಣವಾದರೆ ಸರಿ; ಹಾಗಾಗಿ ಗೊಜ್ಜವಲಕ್ಕಿ ಬಂದರಿನ ಪಾರ್ಕಿಂಗಿನಲ್ಲಿ ಕಾರಿನೊಳಗೇ ನಾಲ್ಕು ರಾತ್ರಿ ಕಳೆಯಿತು. ನಮ್ಮ ಹಡಗಿನಲ್ಲಿ ಮಕ್ಕಳಿಗೆ ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿದ್ದರೆ ಮಕ್ಕಳ ಕ್ಲಬ್ಬಿಗೆ ಸೇರಿಸಿಕೊಳ್ಳುತ್ತಿದ್ದರು. ಮೊದಲ ದಿನ ಒಂದು ಗಂಟೆಗೆಂದು ಬಿಟ್ಟುಬಂದ ಮಗಳನ್ನು ಕರೆತರಲು ಹೋದರೆ, "ಈಗಲೇ ಯಾಕೆ ಬಂದೆ?" ಎಂದು ಬೆನ್ನು ತಿರುಗಿಸಿದಳು. ಗಂಡನೂ ನಾನೂ ಎಷ್ಟೋ ವರ್ಷದ ಮೇಲೆ ಎರಡು ಗಂಟೆ ಎದುರುಬದುರು ಕುಳಿತು ಕಾಫಿ ಕುಡಿದೆವು. ಮಾತಿಗೆ ವಿಷಯ ಹುಡುಕಿದ್ದೂ ನಿಜ. ಆದರೆ ಆ ನಾಲ್ಕು ದಿನದಲ್ಲಿ ಮಕ್ಕಳು ಏನು ಮಾಡಿದರೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಪಾರ್ಕಿನ ಮೂರು ದಿನವನ್ನು ನಿಮಿಷ ನಿಮಿಷವೂ ಹೇಳಬಲ್ಲೆ.

ರಾತ್ರಿಯ ಊಟಕ್ಕೆ ದಿನವೂ ಅದೇ ಮೇಜು, ಅದೇ ಬಡಿಸುವವರು. ಮೊದಲ ರಾತ್ರಿ ಅತ್ತೆ ತಟ್ಟೆಯಲ್ಲಿದ್ದ ಬೇಯಿಸಿದ ತರಕಾರಿ ನೋಡುತ್ತ ತಮ್ಮಷ್ಟಕ್ಕೇ, "ಒಂದು ಮುಷ್ಟಿ ಅನ್ನ, ಸಾರು ಇದ್ದಿದ್ರೆ" ಎಂದರು. ನೀರು ಹಾಕುತ್ತಿದ್ದವರು ಜಗ್ಗನ್ನು ಹಾಗೇ ಹಿಡಿದುಕೊಂಡು, "ಅಮ್ಮ, ನಿಮ್ಮದು ಯಾವೂರು?" ಎಂದು ಕನ್ನಡದಲ್ಲಿ ಕೇಳಿದರು. ಮಂಗಳೂರಿನ ಕಡೆಯವರು. ನಮ್ಮ ಕರಾವಳಿಯಿಂದ ಇಂಥ ಹಡಗುಗಳಿಗೆ ದುಡಿಯಲು ಹೋಗುವವರು ಹೊಸಬರೇನಲ್ಲ, ಆದರೂ ಬಹಾಮಾಸ್‌ನ ನೀರಿನ ನಡುವೆ ಆ ಉಚ್ಚಾರ ಕೇಳಿದಾಗ ನಾವೆಲ್ಲ ಒಂದು ಕ್ಷಣ ಸುಮ್ಮನಾದೆವು. ಮರುದಿನ ರಾತ್ರಿ ಅಡುಗೆಮನೆಯಲ್ಲಿ ಹೇಳಿಸಿ ಸಾಸಿವೆ ಒಗ್ಗರಣೆ ಹಾಕಿದ ತೆಳ್ಳಗಿನ ಬೇಳೆಸಾರು ತಂದಿಟ್ಟರು. ಹುಳಿ ಕಡಿಮೆಯಿತ್ತು, ಅದನ್ನು ಅವರೇ ಮೊದಲು ಹೇಳಿಬಿಟ್ಟರು. ಮೂರನೆಯ ರಾತ್ರಿಯ ಹೊತ್ತಿಗೆ ಅತ್ತೆಗೆ ಅವರ ಮನೆಯ ವಿಷಯವೆಲ್ಲ ಗೊತ್ತಾಗಿತ್ತು. ಹಡಗು ಹತ್ತಿ ಏಳು ತಿಂಗಳಾಗಿದೆ, ಊರಿನಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ವಿಡಿಯೊ ಕರೆ ಮಾಡಿದಾಗ ಅವಳು ಫೋನನ್ನೇ ಅಪ್ಪ ಎನ್ನುತ್ತಾಳೆ. "ಮನೆಗೆ ಹೋದಾಗ ಗುರುತು ಹಿಡೀತಾಳಾ?" ಎಂದು ಅತ್ತೆ ಕೇಳಿದರು. ಅವರು ನಕ್ಕು, ತಟ್ಟೆಗಳನ್ನು ಎತ್ತಿಕೊಂಡು ಹೋದರು.

ಆ ಪ್ರಶ್ನೆಯನ್ನು ಅತ್ತೆ ಕೇಳಬಾರದಿತ್ತು ಎಂದು ನನಗೆ ಆಗ ಅನ್ನಿಸಿತು. ಅದೇ ಹೊತ್ತಿಗೆ ನನ್ನ ಮಗಳು ಎರಡು ಡೆಕ್ ಮೇಲೆ ಕ್ಲಬ್ಬಿನಲ್ಲಿದ್ದಳು, ನಾನೇ ಬಿಟ್ಟುಬಂದಿದ್ದೆ, ಹತ್ತಕ್ಕೆ ಹೋಗಿ ಕರೆತರುವುದಿತ್ತು. ಒಂಬತ್ತಕ್ಕೇ ಎದ್ದುಹೋಗಿ ಕರೆತಂದೆ. ಅವಳು ಅದಕ್ಕೂ ಸಿಟ್ಟಾದಳು. ಪಾರ್ಕಿನಲ್ಲಿ ದುಡಿಯುವವರೂ ದುಡಿಯುವವರೇ, ಆದರೆ ಅವರು ಸಂಜೆ ತಮ್ಮ ಮನೆಗೆ ಹೋಗುತ್ತಾರೆ. ಹಡಗಿನ ಬಿಲ್ಲಿನಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್‌ನಷ್ಟು ಟಿಪ್ಸ್, ಮಕ್ಕಳ ಹೆಸರಿನಲ್ಲೂ ಸೇರಿಸಿ, ತಾನಾಗಿಯೇ ಬಂದು ಕೂರುತ್ತದೆ. ಇದು ಮೋಸ ಎಂದು ಗೊಣಗುವ ನಮ್ಮವರನ್ನು ನಾನು ಕಂಡಿದ್ದೇನೆ. ಅದನ್ನು ತೆಗೆಸಲು ಕೌಂಟರಿನಲ್ಲಿ ಸಾಲು ನಿಲ್ಲುವವರೂ ಇದ್ದಾರೆ. ಆ ಸಾಲಿನಲ್ಲಿ ಮಾತ್ರ ನಿಲ್ಲಬೇಡ ಎಂದು ತಂಗಿಗೆ ಹೇಳಿದ್ದೇನೆ.

ಉಳಿದ ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಡಿಸ್ನಿಯಲ್ಲಿ ಮೂರು ವರ್ಷದೊಳಗಿನ ಮಗುವಿಗೆ ಟಿಕೆಟಿಲ್ಲ, ಹತ್ತು ತುಂಬಿದರೆ ದೊಡ್ಡವರ ದರ, ನಡುವಿನವರಿಗೆ ಹೆಸರಿಗಷ್ಟೇ ರಿಯಾಯಿತಿ. ದಿನಕ್ಕೊಂದು ದರ, ರಜೆಯ ದಿನಗಳಲ್ಲಿ ಅದು ತಲೆಗೆ 200 ಡಾಲರಿನ ಆಸುಪಾಸಿಗೆ ಹೋಗುವುದೂ ಉಂಟು. ಹಡಗಿನಲ್ಲಿ ಎಳೆಗೂಸೂ ಒಂದು ತಲೆಯೇ, ಆದರೆ ಒಂದು ಕ್ಯಾಬಿನ್ನಿನ ಮೂರನೆಯ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ನಾವು ಐವರಾದದ್ದರಿಂದ ಎರಡು ಕ್ಯಾಬಿನ್ ಬೇಕಾಗಿ ಆ ಲಾಭ ಹೋಯಿತು. ಇನ್ನು ಗಾಳಿ. ನಮ್ಮ ಪ್ರವಾಸದಲ್ಲಿ ಮಕ್ಕಳು ವಾರಗಟ್ಟಲೆ ಕನವರಿಸಿದ್ದ ದ್ವೀಪದ ದಿನ ಬೆಳಿಗ್ಗೆ ಗಾಳಿ ಹೆಚ್ಚಾಗಿ, ಹಡಗು ದ್ವೀಪಕ್ಕೆ ಮುಖ ಮಾಡಿ ನಿಂತು, ಹಾಗೇ ತಿರುಗಿತು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ; ದಾರಿ ಬದಲಿಸುವ ಹಕ್ಕು ಹಡಗಿನವರದ್ದು ಎಂದು ಟಿಕೆಟಿನಲ್ಲೇ ಬರೆದಿರುತ್ತದೆ. ನಾವು ಮರಳು ಆಡುವ ಬಕೆಟ್‌ಗಳನ್ನು ಹಿಡಿದು ಡೆಕ್ಕಿನ ಮೇಲೆ ನಿಂತಿದ್ದೆವು.

ತಂಗಿಯ ಚಿಕ್ಕವನಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ನಾವು ಹೋದಂಥ ಹಡಗಿನ ಕ್ಲಬ್ ಅವನನ್ನು ಸೇರಿಸಿಕೊಳ್ಳುವುದಿಲ್ಲ. ಡೈಪರ್ ಇರುವ ಮಗುವನ್ನು ದೊಡ್ಡ ಈಜುಕೊಳಕ್ಕೆ ಇಳಿಸುವಂತಿಲ್ಲ, ಎಳೆಯರಿಗೆಂದೇ ನೀರು ಚಿಮ್ಮಿಸುವ ಮೂಲೆ ಇದ್ದರೆ ಮಾತ್ರ. ದಿನವೆಲ್ಲ ಅವನನ್ನು ಕಟಕಟೆಯಿಂದ ಹಿಂದಕ್ಕೆ ಎಳೆಯುವುದರಲ್ಲೇ ಅವಳ ರಜೆ ಹೋಗುತ್ತದೆ. ಪಾರ್ಕಿನಲ್ಲಾದರೆ ಅವನಿಗೆ ಟಿಕೆಟಿಲ್ಲ, ತಳ್ಳುಗಾಡಿಯಲ್ಲಿ ನಿದ್ದೆ ಮಾಡುತ್ತಾನೆ, ಎತ್ತರದ ಅಳತೆಯೇ ಇಲ್ಲದ ಆಟಗಳಲ್ಲಿ ಅಮ್ಮನ ತೊಡೆಯ ಮೇಲೆ ಕೂರುತ್ತಾನೆ. ಆದ್ದರಿಂದ ಅವನಿಗೆ ಮೂರು ತುಂಬುವ ಮೊದಲು ಪಾರ್ಕ್, ಅವಳ ಅಮ್ಮ ಅಂದರೆ ನಮ್ಮ ಚಿಕ್ಕಮ್ಮ ಬರುವ ವರ್ಷ ಹಡಗು. ಅದಕ್ಕೆ ಮುಂಚೆ ಗಂಡನ ಪಾಸ್‌ಪೋರ್ಟ್ ತೆಗೆದು ಮುದ್ರೆಯ ಕೊನೆಯ ತಾರೀಖು ಓದು ಎಂದು ಬರೆದು ಕಳಿಸಿದೆ. "ಅದನ್ನ ಲಾಕರಿನಲ್ಲಿಟ್ಟಿದ್ದೀವಿ ಅಕ್ಕ, ಶನಿವಾರ ನೋಡ್ತೀನಿ" ಎಂದು ಉತ್ತರ ಬಂತು.

ನಮ್ಮ ಮನೆಯಲ್ಲಿ ಮುಂದಿನ ರಜೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ಹಡಗಿನ ನೀರಿನ ಜಾರುಬಂಡೆಗೆ 48 ಇಂಚು ಕೇಳಿದ್ದರು. ಕೋಲು ತನ್ನನ್ನು ಸಮುದ್ರದವರೆಗೂ ಹಿಂಬಾಲಿಸಿತು ಎಂಬ ಸಿಟ್ಟು ಮಗಳಿಗಿದೆ. ಅಲ್ಲಿಂದ ಬಂದ ಮೇಲೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಪ್ರತಿ ಭಾನುವಾರ ಪೆನ್ಸಿಲ್ ಗುರುತು ಹಾಕಿಸಿಕೊಳ್ಳುತ್ತಾಳೆ, ಜುಟ್ಟು ಬಿಚ್ಚಿಯೇ. ಹೋದ ಭಾನುವಾರದ ಗುರುತು 44ಕ್ಕಿಂತ ಅರ್ಧ ಇಂಚು ಮೇಲಿದೆ. ಆದರೆ ಅವಳು ಆಗ ಶೂ ಹಾಕಿಕೊಂಡಿದ್ದಳು ಎಂದು ಅಣ್ಣ ತಕರಾರು ತೆಗೆದಿದ್ದಾನೆ.